ಹೊಸ ಮಿನಿ ಸ್ಟೀರಿಯೊದಲ್ಲಿ ಬೇಸ್ ಇಲ್ಲ, ಹಾಡು ಟೊಳ್ಳಾಗಿ ಕೇಳಿಸುತ್ತದೆ. ಏನು ಮಾಡಲಿ?

ಮೊದಲು ಸ್ಪೀಕರ್ ತಂತಿಗಳನ್ನು ನೋಡಿ. ಒಂದು ಸ್ಪೀಕರ್‌ನಲ್ಲಿ ಮಾತ್ರ ಕೆಂಪು, ಕಪ್ಪು ಅದಲುಬದಲಾಗಿದ್ದರೆ ಒಂದರ ಕೋನ್ (ಅದುರಿ ಸದ್ದು ಹೊರಡಿಸುವ ಪರದೆ) ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ. ತಗ್ಗಿನ ಧ್ವನಿಗಳು, ಅಂದರೆ ಬೇಸ್, ಪರಸ್ಪರ ಅಳಿಸಿಹೋಗುತ್ತವೆ, ಗಾಯಕರ ದನಿಯೂ ನಡುವೆ ನಿಲ್ಲದೆ ಚದುರುತ್ತದೆ. ಪ್ಲಗ್ ಕಿತ್ತು, ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ. ತಂತಿಯ ಬಿಡಿ ಎಳೆಗಳು ಪಕ್ಕದ ಟರ್ಮಿನಲ್‌ಗೆ ತಾಗಬಾರದು. ತಾಗಿದರೆ ಆಂಪ್ಲಿಫೈಯರ್ ಕೆಡಬಹುದು.

ಅನಂತರ ಜಾಗ. ಎರಡು ಸ್ಪೀಕರ್‌ಗಳು ಮತ್ತು ನೀವು ಕೂರುವ ಕುರ್ಚಿ ಸೇರಿ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ (ಏರು ಧ್ವನಿ ಹೊರಡಿಸುವ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕಿರಲಿ. ಗೋಡೆಗೆ ಹತ್ತಿರ ತಂದಷ್ಟೂ ಬೇಸ್ ಹೆಚ್ಚುತ್ತದೆ. ಮೂಲೆಗೆ ತಳ್ಳಿದರೆ ಬರೀ ಗುಂಯ್‌ಗುಟ್ಟುತ್ತದೆ. ಶೋಕೇಸ್‌ನೊಳಗೆ ತುರುಕುವುದಂತೂ ಬೇಡವೇ ಬೇಡ.

ಎಫ್‌ಎಂ ಕರಕರ ಎಂದರೆ ಹಿಂದಿನ ಆಂಟೆನಾ ತಂತಿಯನ್ನು ಪೂರ್ತಿ ಬಿಚ್ಚಿ ಹರಡಿ.