8+7 ಅನ್ನು ಒಡೆದು ಕೂಡಿಸುವುದನ್ನು ಮಗುವಿಗೆ ಹೇಗೆ ಕಲಿಸುವುದು?

ಎರಡನೇ ತರಗತಿಯ ನಿಮ್ಮ ಮಗಳಿಗೆ ಶಾಲೆಯಲ್ಲಿ 8+7 ಅನ್ನು 8+2+5 ಎಂದು ಒಡೆದು ಬರೆಸುತ್ತಾರೆ, ಅದು ಅವಳ ತಲೆಗೆ ಹೋಗುತ್ತಿಲ್ಲ, ನಾವೆಲ್ಲ ಕಲಿತಂತೆ ದಶಕ ಹಿಡಿದು ಕೂಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲುತ್ತದೆ, ಆದರೆ ಈಗಲೇ ಬೇಡ.

ಉಡುಪಿ ಬಳಿಯ ಪರ್ಕಳದ ನಮ್ಮ ಮನೆಯ ಚಾವಡಿಯಲ್ಲಿ ಸಂಜೆ ನಾಲ್ಕೈದು ಮಕ್ಕಳಿಗೆ ಪಾಠ ಹೇಳುತ್ತೇನೆ. ಒಬ್ಬ ಹುಡುಗ ಒಮ್ಮೆ 48ರ ಕೆಳಗೆ 37 ಬರೆದು, ಗೆರೆ ಎಳೆದು, 715 ಎಂದು ಉತ್ತರ ಬರೆದ. ಎಂಟಕ್ಕೆ ಏಳು ಕೂಡಿದರೆ 15, ನಾಲ್ಕಕ್ಕೆ ಮೂರು ಕೂಡಿದರೆ 7. ಎರಡೂ ಸರಿಯೇ! ಐವತ್ತೂ ಆಗದ ಸಂಖ್ಯೆಗೆ ನಲವತ್ತೂ ಆಗದ್ದನ್ನು ಸೇರಿಸಿದರೆ ಏಳುನೂರು ದಾಟುವುದು ಹೇಗೆ ಎಂಬ ಅನುಮಾನ ಮಾತ್ರ ಅವನಿಗೆ ಬರಲೇ ಇಲ್ಲ.

ನಿಮ್ಮ ಮಗಳ ತೊಡಕು ಬಹುಶಃ ಒಡೆಯುವುದಕ್ಕಿಂತ ಹಿಂದೆಯೇ ಇದೆ. ಎಂಟಕ್ಕೆ ಎಷ್ಟು ಸೇರಿದರೆ ಹತ್ತು ಎಂಬುದು ಥಟ್ಟನೆ ಬಾಯಿಗೆ ಬಾರದಿದ್ದರೆ, ಏಳರಿಂದ ಎರಡನ್ನೇ ಏಕೆ ತೆಗೆಯಬೇಕು ಎಂಬುದು ಹೊಳೆಯುವುದಾದರೂ ಹೇಗೆ? ಪುಸ್ತಕ ಮುಚ್ಚಿಡಿ. ನಾನು ಚೆನ್ನೆಮಣೆಯನ್ನು, ಅಂದರೆ ಗುಳಿಗಳಲ್ಲಿ ಬೀಜ ಹಾಕಿ ಆಡುವ ಅಳಗುಳಿ ಮಣೆಯನ್ನು, ಕೆಳಗಿಳಿಸುತ್ತೇನೆ. (ತುಳುವರ ಆಟಿ ತಿಂಗಳು ಕಳೆದ ಮೇಲೆ ಚೆನ್ನೆ ಆಡಬಾರದೆಂದು ಅತ್ತೆ ಗೊಣಗಿದರು. ಇದು ಆಟವಲ್ಲ, ಲೆಕ್ಕ ಎಂದು ಒಪ್ಪಿಸಿದೆ.) ಚೆನ್ನೆಗೆ ಬಳಸುವ ಕೆಂಪು ಮಂಜೊಟ್ಟಿ ಬೀಜಗಳನ್ನು ಹತ್ತು ಎಣಿಸಿ, ಒಂದಿಷ್ಟನ್ನು ಮುಷ್ಟಿಯಲ್ಲಿ ಅಡಗಿಸುತ್ತೇನೆ. ಹೊರಗೆ ಉಳಿದದ್ದನ್ನು ನೋಡಿ ಮುಷ್ಟಿಯೊಳಗೆ ಎಷ್ಟಿದೆ ಎಂದು ಮಕ್ಕಳು ಹೇಳಬೇಕು. ದಿನಕ್ಕೆ ಐದು ನಿಮಿಷ, ಎರಡು ವಾರ, ಇದೊಂದೇ. ಆಮೇಲೆ ಒಂದು ಗುಳಿಯಲ್ಲಿ ಎಂಟು, ಪಕ್ಕದ ಗುಳಿಯಲ್ಲಿ ಏಳು. ಏಳರ ಗುಳಿಯಿಂದ ಎರಡನ್ನು ಎಂಟರ ಗುಳಿಗೆ ದಾಟಿಸುವುದನ್ನು ನಾನು ಹೇಳಿಕೊಡಲಿಲ್ಲ. ಒಬ್ಬಳು ತಾನಾಗಿ ಮಾಡಿದಳು, ಉಳಿದವರು ಅವಳನ್ನು ನೋಡಿ ಕಲಿತರು. ಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕು ಬೀಜ. ಹತ್ತು ಗುಳಿಗೆ 40, ಮಿಕ್ಕ ನಾಲ್ಕಕ್ಕೆ 16, ಒಟ್ಟು 56. ಮುಂದೆ ಗುಣಾಕಾರಕ್ಕೂ ಇದೇ ಮಣೆ ಸಾಕು.

ಶಾಲೆ ಇಂಗ್ಲಿಷ್ ಮಾಧ್ಯಮದ್ದಾದರೂ ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾಡಿಸಿ. ಹದಿನೈದು ಎಂಬ ಹೆಸರಿನಲ್ಲೇ ಹತ್ತೂ ಐದೂ ಕುಳಿತಿವೆ, ತುಳುವಿನ ಪದಿನೈನ್ ಕೂಡ ಹಾಗೆಯೇ. ‘ಇಲೆವೆನ್’, ‘ಟ್ವೆಲ್ವ್’ಗಳಲ್ಲಿ ಹತ್ತನ್ನು ಮಗು ಎಲ್ಲಿ ಹುಡುಕಬೇಕು?

ಎಲ್ಲಿ ಒಡೆಯಬೇಕು ಎಂಬುದನ್ನು ಅವಳಿಗೇ ಬಿಡಿ. 48+37ಕ್ಕೆ ಒಬ್ಬರು 50+35 ಮಾಡುತ್ತಾರೆ, ಇನ್ನೊಬ್ಬರು 70ಕ್ಕೆ 15 ಸೇರಿಸುತ್ತಾರೆ. 8+7ಕ್ಕೆ ಏಳೂ ಏಳೂ ಹದಿನಾಲ್ಕು, ಅದಕ್ಕೊಂದು ಸೇರಿ ಹದಿನೈದು ಎನ್ನುವ ಮಗುವಿನ ಉತ್ತರಕ್ಕೆ ‘ಪುಸ್ತಕದಲ್ಲಿ ಹೀಗಿಲ್ಲ’ ಎಂದು ತಪ್ಪು ಗುರುತು ಹಾಕುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಗಡಿಗೂ ಕರೆದುಕೊಂಡು ಹೋಗಿ. 37 ರೂಪಾಯಿಯ ಸಾಮಾನಿಗೆ 50ರ ನೋಟು ಕೊಟ್ಟಾಗ ಅಂಗಡಿಯವರು ಮೂರು ಇಟ್ಟು ‘ನಲವತ್ತು’, ಹತ್ತು ಇಟ್ಟು ‘ಐವತ್ತು’ ಎನ್ನುವುದನ್ನು ಅವಳು ಕೇಳಲಿ.

ದಶಕದ ಲೆಕ್ಕವನ್ನು ಅದಾದ ಮೇಲೆ ಹೇಳಿಕೊಡಿ. 715 ಬರೆದ ಹುಡುಗನಿಂದ ಈಗ ಗೆರೆ ಎಳೆಯುವ ಮೊದಲು ಉತ್ತರ ಎಷ್ಟರ ಆಸುಪಾಸು ಎಂದು ಬಾಯಲ್ಲಿ ಹೇಳಿಸುತ್ತೇನೆ. ಮೊನ್ನೆ ನಾನು ಅಭ್ಯಾಸಬಲದಿಂದ ‘ಕೈಯಲ್ಲಿ ಒಂದು’ ಎಂದೆ. ‘ಒಂದಲ್ಲ ಟೀಚರ್, ಹತ್ತು’ ಎಂದ.