ಶ್ರೀಲಂಕಾದಲ್ಲಿ ಐದು ದಿನ ಕೊಲಂಬೊದಲ್ಲೇ ಉಳಿದು ಸಿಗಿರಿಯ, ಅನುರಾಧಪುರ, ಪೊಲೊನ್ನರುವ, ಗಾಲೆ ಕೋಟೆ ನೋಡಬಹುದೇ? ಯಾವುದನ್ನು ಬಿಡಲಿ?

ಊರು ಯಾವುದನ್ನೂ ಬಿಡಬೇಡಿ, ಕೊಲಂಬೊದಲ್ಲಿ ಉಳಿಯುವುದನ್ನು ಬಿಡಿ. ನನ್ನ ಮೊದಲ ಪ್ರವಾಸದ ಚೀಟಿಯಲ್ಲೂ ನಿಮ್ಮದೇ ಲೆಕ್ಕವಿತ್ತು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಕ್ಷೆಯಲ್ಲಿ ದ್ವೀಪ ಪುಟ್ಟದು. ಆದರೆ ಕೊಲಂಬೊದಿಂದ ಸಿಗಿರಿಯಕ್ಕೆ ಸುಮಾರು 170 ಕಿ.ಮೀ., ಹೋಗಲು ನಾಲ್ಕು ಗಂಟೆ ಬೇಕು. ಅನುರಾಧಪುರ ಇನ್ನೂ ದೂರ. ಆರಕ್ಕೆ ಹೊರಟು ತಿಂಡಿ ಮುಗಿಸಿ ತಲುಪುವಷ್ಟರಲ್ಲಿ ಹನ್ನೊಂದಾಗಿರುತ್ತದೆ, ಎಲ್ಲ ಕೆಡುವುದು ಇಲ್ಲೇ. ಅನುರಾಧಪುರ ಬರೀ ಹಾಳು ಪಟ್ಟಣವಲ್ಲ, ಇಂದಿಗೂ ಪೂಜೆ ನಡೆಯುವ ಕ್ಷೇತ್ರ. ಶ್ರೀ ಮಹಾಬೋಧಿ ಎಂಬ ಬೋಧಿವೃಕ್ಷ, ರುವನ್ವೆಲಿಸಾಯ ಎಂಬ ಸ್ತೂಪ ಎರಡರಲ್ಲೂ ಚಪ್ಪಲಿ ಕಳಚಬೇಕು, ಟೋಪಿ ತೆಗೆಯಬೇಕು. ಸ್ತೂಪದ ಸುತ್ತಲಿನ ವಿಶಾಲ ಕಲ್ಲಿನ ಅಂಗಳಕ್ಕೆ ನೆರಳೇ ಇಲ್ಲ. ಮಧ್ಯಾಹ್ನ ಅದು ಕಾದ ಕಾವಲಿ. ಹತ್ತು ಹೆಜ್ಜೆ ಇಟ್ಟವರು ವ್ಯಾನಿಗೆ ಓಡುತ್ತಾರೆ. ಒಂದು ಕಾಲಕ್ಕೆ 122 ಮೀಟರ್ ಎತ್ತರವಿದ್ದ ಇಟ್ಟಿಗೆಯ ಜೇತವನಾರಾಮ ಸ್ತೂಪ ಕಿಟಕಿಯಲ್ಲೇ ಮುಗಿಯುತ್ತದೆ. ಸಿಗಿರಿಯದಲ್ಲಿ ಶೂ ಹಾಕಬಹುದು, ನಿಜ. ಆದರೆ ಸುಮಾರು 1,200 ಮೆಟ್ಟಿಲು, ದ್ವಾರದ ಬೃಹತ್ ಸಿಂಹದ ಪಂಜದಿಂದ ಮೇಲಕ್ಕೆ ಬಿಸಿಲಿಗೆ ಬಿದ್ದ ಕಬ್ಬಿಣದ ಏಣಿ, ಜೊತೆಗೆ ಗುಂಪು. ಹೊತ್ತು ತಪ್ಪಿತೆಂದರೆ ಸ್ಥಳವೇ ತಪ್ಪಿದಂತೆ.

ಹಾಗಾಗಿ ಸಿಗಿರಿಯದ ಹತ್ತಿರದ ಊರು ಹಬರಣ ಅಥವಾ ಸಿಗಿರಿಯದಲ್ಲೇ ಮೂರು ರಾತ್ರಿ ಉಳಿಯಿರಿ. ಬಾಗಿಲು ತೆರೆಯುವ ಹೊತ್ತಿಗೆ ಸಿಗಿರಿಯದ ಬಂಡೆ ಹತ್ತಿ. ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಸಂಜೆಗೆ ದಂಬುಲ್ಲದ ಐದು ಬೌದ್ಧ ಗುಹಾಲಯಗಳು. ಮರುದಿನ ಪೊಲೊನ್ನರುವ. ಅಲ್ಲಿ ಬಾಡಿಗೆ ಸೈಕಲ್ಲೇ ಸರಿ: ಅರಮನೆಯಿಂದ ಶುರುಮಾಡಿ ಉತ್ತರಕ್ಕೆ ಸಾಗಿದರೆ ವಟದಾಗೆ ಎಂಬ ದುಂಡನೆಯ ಸ್ತೂಪಗೃಹ, ಆಮೇಲೆ ಎರಡನೇ ಸಂಖ್ಯೆಯ ಶಿವ ದೇವಾಲಯ, ಕೊನೆಗೆ ಗಲ್ ವಿಹಾರ. ಆ ಶಿವ ದೇವಾಲಯವನ್ನು ಹೆಚ್ಚಿನವರು ದಾಟಿಹೋಗುತ್ತಾರೆ. ದಯವಿಟ್ಟು ನಿಲ್ಲಿ. ಸುತ್ತ ಇಟ್ಟಿಗೆ ಕಟ್ಟಡಗಳಿರುವ ಊರಲ್ಲಿ ಇದು ಪೂರ್ತಿ ಕಲ್ಲು, 1070ರಲ್ಲಿ ಒಂದನೇ ವಿಜಯಬಾಹು ಹೊರಗಟ್ಟುವ ತನಕ ಇಲ್ಲಿ ಆಳಿದ ಚೋಳರ ಕೆಲಸ. ಗಲ್ ವಿಹಾರದ 14 ಮೀಟರ್ ಉದ್ದದ ಮಲಗಿದ ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಬೇಡ, ಅಲ್ಲಿ ಅದು ದೊಡ್ಡ ಅಪಚಾರ. ಮೂರನೆಯ ಬೆಳಗ್ಗೆ ಅನುರಾಧಪುರ.

ಚೀಲದಲ್ಲಿ ದಪ್ಪ ಸಾಕ್ಸ್ ಇರಲಿ, ಅಂಗಳದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಭುಜ, ಮೊಣಕಾಲು ಮುಚ್ಚುವ ಬಿಳಿ ಬಟ್ಟೆ ಒಳ್ಳೆಯದು. ಅಸಲು ಪಾಸ್‌ಪೋರ್ಟ್ ಒಯ್ಯಿರಿ, ಸಾರ್ಕ್ ದೇಶದವರಿಗೆ ಟಿಕೆಟ್ ಅಗ್ಗ. ಜೂನ್ ಹುಣ್ಣಿಮೆಯ ಪೊಸೊನ್ ಎಂಬ ಬೌದ್ಧ ಹಬ್ಬದ ಸಮಯದಲ್ಲಿ ಅನುರಾಧಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಕೊನೆಯ ರಾತ್ರಿ ಗಾಲೆಗೆ, ಅದೂ ಕೋಟೆಯೊಳಗೇ. ಪೋರ್ಚುಗೀಸರಿಂದ 1640ರಲ್ಲಿ ಡಚ್ಚರು ಕಿತ್ತುಕೊಂಡ ಕೋಟೆ. ಹಳೇ ಬಾಗಿಲಿನ ಒಳಮುಖದಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವೂ 1669 ಎಂಬ ಇಸವಿಯೂ ಇವೆ. ಪ್ರವೇಶ ಉಚಿತ, ಸಂಜೆ ಗೋಡೆಯ ಮೇಲೆ ನಡೆಯಿರಿ. ಮೇನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ಮಳೆಗಾಲ. ನೀವು ಹೋಗುವುದು ಆಗಲೇ ಆದರೆ ಗಾಲೆ ಬದಲು ಹಬರಣದಿಂದ ಸುಮಾರು 85 ಕಿ.ಮೀ. ದೂರದ ತ್ರಿಂಕೋಮಲಿಗೆ ಹೋಗಿ: ಫ್ರೆಡರಿಕ್ ಕೋಟೆಯೊಳಗೇ ಕೋಣೇಶ್ವರ ದೇವಸ್ಥಾನವಿದೆ, ಕೋಟೆ, ಗುಡಿ ಎರಡೂ ಒಂದೇ ಸಲಕ್ಕೆ ಆಗುತ್ತವೆ.