‘ಗೆಟ್’ ಪದದ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕಾ?

ಶಾಲೆಯಲ್ಲಿ ‘ಗೆಟ್’ ಅಂದರೆ ‘ಪಡೆ’ ಅಂತ ಕಲಿತೆ, ಆಫೀಸಿನಲ್ಲಿ ನೋಡಿದರೆ ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ, ಎಲ್ಲ ಅರ್ಥ ಕಲಿಯುವುದು ಹೇಗೆ ಅಂತ ಕೇಳಿದ್ದೀರಿ. ಬಾಯಿಪಾಠ ಬೇಡ. ದೊಡ್ಡ ನಿಘಂಟುಗಳಲ್ಲಿ ಈ ಪದ ಪುಟಗಟ್ಟಲೆ ಇರುತ್ತದೆ, ಓದುತ್ತಾ ಕೂತರೆ ತಲೆ ಕೆಡುತ್ತದೆ ಅಷ್ಟೆ. ನಾನು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವಾಗ ಹೇಳುವುದು ಒಂದೇ: ‘ಗೆಟ್’ ಆದಮೇಲೆ ಏನು ಬಂದಿದೆ ನೋಡಿ.

ಹೆಸರುಪದ ಬಂದಿದ್ದರೆ ಸಾಮಾನ್ಯವಾಗಿ ಸಿಗು, ಬರು ಅಥವಾ ತರು. ‘ಐ ಗಾಟ್ ಎ ಜಾಬ್’ ಅಂದರೆ ಕೆಲಸ ಸಿಕ್ಕಿತು. ‘ಐ ಗಾಟ್ ಯುವರ್ ಮೇಲ್’ ಅಂದರೆ ಮೇಲ್ ಬಂತು. ‘ಗೆಟ್ ಮಿ ಸಮ್ ವಾಟರ್’ ಅಂದರೆ ನೀರು ತಂದುಕೊಡು. ಗುಣ ಹೇಳುವ ಪದ ಬಂದಿದ್ದರೆ ನಮ್ಮ ‘ಆಗು’. ‘ಇಟ್ಸ್ ಗೆಟಿಂಗ್ ಲೇಟ್’, ತಡ ಆಗ್ತಿದೆ. ಇವೆರಡರ ವ್ಯತ್ಯಾಸ ಎಷ್ಟು ಸಣ್ಣದು ನೋಡಿ: ‘ಐ ಆಮ್ ಗೆಟಿಂಗ್ ಕೋಲ್ಡ್’ ಅಂದರೆ ಚಳಿ ಆಗ್ತಿದೆ, ‘ಐ ಆಮ್ ಗೆಟಿಂಗ್ ಎ ಕೋಲ್ಡ್’ ಅಂದರೆ ನೆಗಡಿ ಶುರುವಾಗ್ತಿದೆ. ಮೊದಲನೆಯದಕ್ಕೆ ಸ್ವೆಟರ್ ಸಾಕು, ಎರಡನೆಯದಕ್ಕೆ ಕಷಾಯ ಬೇಕು.

ಮದುವೆ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ‘ಐ ಆಮ್ ಮ್ಯಾರೀಡ್’ ಅಂದರೆ ಮದುವೆ ಆಗಿದೆ, ಈಗಿನ ಸ್ಥಿತಿ. ಯಾವಾಗ ಆಯಿತು ಅಂತ ಹೇಳಬೇಕಾದರೆ ‘ಐ ಗಾಟ್ ಮ್ಯಾರೀಡ್ ಇನ್ 2015’. ಇಲ್ಲಿ ‘ಆಮ್’ ಹಾಕಿದರೆ ತಪ್ಪು.

ಜಾಗ ಬಂದರೆ ತಲುಪುವುದು. ‘ವಿ ಗಾಟ್ ಹೋಮ್ ಅಟ್ ಟೆನ್’, ಹತ್ತಕ್ಕೆ ಮನೆ ಸೇರಿದೆವು. ಬಸ್ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅಂತೀವಲ್ಲ, ಇಂಗ್ಲೆಂಡ್, ಅಮೆರಿಕದವರು ‘ಗೆಟ್ ಆಫ್’ ಅನ್ನುತ್ತಾರೆ. ಕಾರಿಗಾದರೆ ‘ಗೆಟ್ ಔಟ್ ಆಫ್’. ಆದರೂ ನಮ್ಮ ಕಂಡಕ್ಟರ್ ಹತ್ತಿರ ‘ಗೆಟ್ ಡೌನ್’ ಅಂತಲೇ ಹೇಳಿ, ಸುಮ್ನೆ ಯಾಕೆ ಗೊಂದಲ!

ಇನ್ನು, ಕನ್ನಡದವರಿಗೆ ನಿಜವಾಗಿ ಜಾಸ್ತಿ ಕೆಲಸಕ್ಕೆ ಬರುವ ‘ಗೆಟ್’ ಬೇರೆಯೇ ಇದೆ. ನಮ್ಮಲ್ಲಿ ‘ಮಾಡಿದೆ’, ‘ಮಾಡಿಸಿದೆ’ ಅಂತ ಎರಡು ಇದೆ ಅಲ್ವಾ? ಒಂದು ‘ಇಸು’ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗೆ ಸೇರಿಸಲು ಬರುವುದಿಲ್ಲ, ಆ ಕೆಲಸವನ್ನು ‘ಗೆಟ್’ ಮಾಡುತ್ತದೆ. ಬೈಕ್ ರಿಪೇರಿ ಮಾಡಿಸಿದೆ: ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ‘ಐ ರಿಪೇರ್ಡ್ ಮೈ ಬೈಕ್’ ಅಂದರೆ ಸ್ಪ್ಯಾನರ್ ಹಿಡಿದು ನೀವೇ ಕೂತಿದ್ದಿರಿ ಅಂತ ಅರ್ಥ. ಕಟಿಂಗ್ ಮಾಡಿಸಿದೆ: ‘ಐ ಗಾಟ್ ಮೈ ಹೇರ್ ಕಟ್’. ಮಾಡುವವರನ್ನೂ ಹೇಳಬೇಕಾದರೆ ‘ಟು’ ಬೇಕು: ‘ಐ ಗಾಟ್ ಹಿಮ್ ಟು ಸೈನ್’, ಅವರ ಹತ್ತಿರ ಸಹಿ ಹಾಕಿಸಿದೆ. ಹೇಳಿ, ಕೇಳಿ, ಒಪ್ಪಿಸಿ ಮಾಡಿಸಿದ ಛಾಯೆ ಇದರಲ್ಲಿದೆ. ತಮಾಷೆ ಅಂದರೆ ಮನೆ ಕಟ್ಟಿಸಿದ್ದಕ್ಕೆ ಮಾತ್ರ ಅವರೂ ‘ವಿ ಬಿಲ್ಟ್ ಎ ಹೌಸ್’ ಅನ್ನುತ್ತಾರೆ, ಒಂದು ಇಟ್ಟಿಗೆ ಎತ್ತದಿದ್ದರೂ!

‘ಗಾಟ್ ಟು’ ಬಂದಾಗ ಸ್ವಲ್ಪ ಹುಷಾರು. ‘ಐ ಗಾಟ್ ಟು ಮೀಟ್ ಹರ್’ ಅಂದರೆ ಆಕೆಯನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿಯಾಗಲೇಬೇಕು. ಆಡುಮಾತಿನಲ್ಲಿ ಆ ‘ಹ್ಯಾವ್’ ಎಷ್ಟೋ ಸಲ ಬಿದ್ದುಹೋಗುತ್ತದೆ. ಆಗ ಹಿಂದಿನ ಮುಂದಿನ ಮಾತು ನೋಡಿಯೇ ತಿಳಿಯಬೇಕು.

ಅಮೆರಿಕದವರ ಬಾಯಲ್ಲಿ ‘ಗಾಟನ್’ ಕೇಳಿದರೆ ತಪ್ಪು ಅಂದುಕೊಳ್ಳಬೇಡಿ. ಅದು ಹಳೆಯ ರೂಪ. ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ಅಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರ್ ಇದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರ್ ತಗೊಂಡಿದ್ದೇನೆ.

ಅರ್ಜಿ, ಆಫೀಸ್ ಪತ್ರಗಳಲ್ಲಿ ಮಾತ್ರ ‘ಗೆಟ್’ ಕಡಿಮೆ ಮಾಡಿ. ‘ರಿಸೀವ್ಡ್’, ‘ಬಿಕೇಮ್’ ಅಂತ ಬರೆದರೆ ಅಲ್ಲಿಗೆ ಹೊಂದುತ್ತದೆ.